ಒಂದು ಗೇಣು ದೂರದ ಆಟ

ತುಳುನಾಡಿನ ಜೋರು ಮಳೆಯ ತಿಂಗಳು ಆಟಿ, ಅದರ ಒಂದು ಭಾನುವಾರ. ಉಡುಪಿಯಿಂದ ಸ್ವಲ್ಪ ಒಳಗೆ, ಹಂಚಿನ ಮಾಡಿನ ಮನೆ. ಜಗಲಿಯ ಎದುರು ಇಳಿಬಿಟ್ಟ ತಗಡಿನ ಶೀಟಿನ ಮೇಲೆ ಮಳೆ ಹೊಡೆದರೆ ಪಕ್ಕದಲ್ಲಿ ಕೂತವರ ಮಾತೂ ಕೇಳುವುದಿಲ್ಲ. ತವರಿನಲ್ಲಿ ಬಾಣಂತನ, ಮಗುವಿಗೆ 22 ದಿನ. ಅಪ್ಪನಿಗೆ ಕೆಲಸ ಮಂಗಳೂರಿನಲ್ಲಿ, ಬರುವುದು ವಾರಕ್ಕೊಮ್ಮೆ. ಈ ಸಲ ತೊಟ್ಟಿಲಿಗೆ ಕಟ್ಟುವ, ಕೀ ಕೊಟ್ಟರೆ ತಿರುಗುತ್ತಾ ಹಾಡುವ ಆಟಿಕೆ ತಂದಿದ್ದರು. ಕಟ್ಟಿ, ಕೀ ಕೊಟ್ಟು, ಕಾಲು ಗಂಟೆ ನಿಂತು ನೋಡಿದರು. ಮಗು ಗೋಡೆಯ ಕಡೆಗೇ ಮುಖ ಮಾಡಿಕೊಂಡಿತ್ತು.

"ಇದರೊಟ್ಟಿಗೆ ಎಂತ ಆಡುದು ಅತ್ತೆ? ಹಾಲು ಕುಡಿಯುದು, ಮಲಗುದು, ಅಷ್ಟೇ."

"ಆಡ್ಲಿಕ್ಕೆ ಬೇಕಾದಷ್ಟು ಉಂಟು. ನೀವು ಕಟ್ಟಿದ್ದು ಅದಕ್ಕೆ ಕಾಣುದೇ ಇಲ್ಲ."

ಅತ್ತೆ ಹೇಳಿದ್ದು ಸರಿ. ಎಳೆಮಗುವಿಗೆ ಚೆನ್ನಾಗಿ ಕಾಣುವುದು 20ರಿಂದ 30 ಸೆಂಟಿಮೀಟರ್ ದೂರದಲ್ಲಿ ಇದ್ದದ್ದು ಮಾತ್ರ. ನಮ್ಮ ಲೆಕ್ಕದಲ್ಲಿ ಒಂದು ಗೇಣು, ಹೆಚ್ಚೆಂದರೆ ಅದರ ಮೇಲೆ ನಾಲ್ಕು ಬೆರಳು. ಹಾಲು ಕುಡಿಯುವಾಗ ಅಮ್ಮನ ಮುಖ ಇರುವುದೂ ಅಷ್ಟೇ ದೂರದಲ್ಲಿ. ತೊಟ್ಟಿಲಿಗೆ ಕಟ್ಟಿದ್ದು ಮೂರು ಅಡಿ ಮೇಲಿತ್ತು, ಬಣ್ಣವೂ ತಿಳಿ ಗುಲಾಬಿ, ತಿಳಿ ನೀಲಿ. ಮಗುವಿನ ಪಾಲಿಗೆ ಬರೀ ಮಸುಕು. ಜಾಗವೂ ತಪ್ಪು. ಅಂಗಾತ ಮಲಗಿದ ಈ ವಯಸ್ಸಿನ ಮಗು ನೆಟ್ಟಗೆ ಮೇಲಕ್ಕೆ ನೋಡುವುದು ಕಡಿಮೆ, ತಲೆ ಒಂದು ಪಕ್ಕಕ್ಕೆ, ಹೆಚ್ಚಾಗಿ ಬಲಕ್ಕೆ, ವಾಲಿರುತ್ತದೆ. ತೋರಿಸುವುದಿದ್ದರೆ ಆ ಪಕ್ಕದಲ್ಲಿ ತೋರಿಸಬೇಕು. ಅಂಗೈ ಅಗಲದ ಬಿಳಿ ರಟ್ಟಿನ ಮೇಲೆ ಕಪ್ಪು ಮಾರ್ಕರಿನಲ್ಲಿ ಬೆರಳು ದಪ್ಪದ ನಾಲ್ಕು ಪಟ್ಟೆ ಎಳೆದರೆ ಸಾಕು, ಕಪ್ಪು ಬಿಳುಪು ಕೂಡುವ ಗೆರೆ ಎಳೆಗಣ್ಣಿಗೆ ಬೇಗ ಸಿಗುತ್ತದೆ. ಆದರೂ ರಟ್ಟಿಗಿಂತ ಮುಖ ಮೇಲು. ರಟ್ಟು ಹುಬ್ಬು ಏರಿಸುವುದಿಲ್ಲ.

ಎಂಟು ಗಂಟೆಗೆ ಮಗುವನ್ನು ಮೀಯಿಸುವ ಹೆಂಗಸು ಬಂದರು. ಮೀಯಿಸುವ ಮೊದಲು ಎಣ್ಣೆ ತಿಕ್ಕುವುದೂ ಆಟವೇ, ಮಾತಾಡುತ್ತಾ ತಿಕ್ಕಿದರೆ. ತುಸು ಬೆಚ್ಚಗಿನ ತೆಂಗಿನೆಣ್ಣೆ ಒಂದೆರಡು ಚಮಚ. ಅಂಗಾಲಿನಿಂದ ಸುರು ಮಾಡಿ ಮೇಲಕ್ಕೆ, ಹೊಟ್ಟೆಯ ಮೇಲೆ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ, ಒತ್ತದೆ. ನೀರಿನ ಬಿಸಿ ನೋಡುವುದು ಬೆರಳಿನಿಂದಲ್ಲ, ಮೊಣಕೈಯಿಂದ. ಪಾತ್ರೆ ತೊಳೆದು ದಡ್ಡು ಬಿದ್ದ ಬೆರಳಿಗೆ ಬಿಸಿ ತಿಳಿಯುವುದಿಲ್ಲ. ಮೂಗು ನೀಟಾಗಲಿ ಎಂದು ಹಿಂಡುವುದು, ಕಿವಿಗೆ ಮೂಗಿಗೆ ಎಣ್ಣೆ ಬಿಡುವುದು, ಮಿಂದ ಮೇಲೆ ಧೂಪದ ಹೊಗೆ ಹಿಡಿಯುವುದು, ಈ ಮೂರನ್ನೂ ಬಿಡಿಸಬೇಕು. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ಅಜ್ಜಿಯಂದಿರೊಟ್ಟಿಗೆ ಈ ವಿಷಯದಲ್ಲಿ ಜಗಳ ಆಗದ ಮನೆ ಕಡಿಮೆ.

ಮಿಂದು ಹಾಲು ಕುಡಿದ ಮಗು ನಿದ್ದೆ ಹೋಯಿತು. ಆಡಿಸಲು ಕಾದು ಕೂತಿದ್ದ ಅಪ್ಪ ಕೆನ್ನೆ ತಟ್ಟಿ ಎಬ್ಬಿಸಲು ಹೊರಟರು, ಅತ್ತೆ ಬಿಡಲಿಲ್ಲ. ಎಬ್ಬಿಸಿದ ಮಗು ಆಡುವುದಿಲ್ಲ, ಅಳುತ್ತದೆ. ಈ ವಯಸ್ಸಿನಲ್ಲಿ ದಿನಕ್ಕೆ 14ರಿಂದ 17 ಗಂಟೆ ನಿದ್ದೆ. ಉಳಿದ ಹೊತ್ತಿನಲ್ಲಿ ಹಾಲು, ಬಟ್ಟೆ ಬದಲಿಸುವುದು, ಅಳು ಎಲ್ಲ ಕಳೆದರೆ ಮಗು ಸುಮ್ಮನೆ ಎಚ್ಚರ ಇರುವುದು ಆಗೊಮ್ಮೆ ಈಗೊಮ್ಮೆ ಕೆಲವು ನಿಮಿಷ. ಆಟಕ್ಕೆ ಇರುವುದು ಆ ನಿಮಿಷಗಳು ಮಾತ್ರ. ಗುರುತು ಹಿಡಿಯುವುದು ಕಷ್ಟವಲ್ಲ: ಕಣ್ಣು ಅಗಲ, ಅದರಲ್ಲಿ ಹೊಳಪು, ಕೈಕಾಲು ಅಲುಗಾಡದೆ ಸುಮ್ಮನೆ ಬಿದ್ದಿರುತ್ತವೆ, ಉಸಿರು ಒಂದೇ ಸಮ.

ಅಂಥ ಹೊತ್ತು ಬಂದದ್ದು ಹನ್ನೊಂದೂಕಾಲಕ್ಕೆ. ಕರೆಂಟ್ ಹೋಗಿತ್ತು, ಅದೂ ಒಳ್ಳೆಯದೇ ಆಯಿತು; ಟ್ಯೂಬ್‌ಲೈಟ್ ಕಣ್ಣಿಗೆ ಹೊಡೆದರೆ ಎಳೆಮಗು ರೆಪ್ಪೆ ಮುಚ್ಚಿಕೊಳ್ಳುತ್ತದೆ, ಮಬ್ಬಿನಲ್ಲಿ ತಾನಾಗಿ ತೆರೆಯುತ್ತದೆ. ಅಪ್ಪ ಕಿಟಕಿಗೆ ಬೆನ್ನು ಹಾಕಿ ಕೂತರು. ಮಗುವಿನ ಕಣ್ಣು ಅವರ ಮುಖ ಬಿಟ್ಟು ತಲೆಕೂದಲಿನ ಅಂಚಿನಲ್ಲೇ ಅಲೆಯಿತು. ಬೆಳಕು ಹಿಂದಿನಿಂದ ಬಂದರೆ ಮುಖ ಒಂದು ಕಪ್ಪು ಗುಂಡು, ಕಣ್ಣು ಬಾಯಿ ಯಾವುದೂ ಕಾಣುವುದಿಲ್ಲ. ಕುರ್ಚಿ ತಿರುಗಿಸಿ, ಕಿಟಕಿಯ ಬೆಳಕು ಅವರ ಮುಖಕ್ಕೆ ಬೀಳುವ ಹಾಗೆ ಕೂರಿಸಿದ ಮೇಲೆ ನೋಟ ಅವರ ಕಣ್ಣಿಗೆ ಬಂದು ನಿಂತಿತು. ಬೇರೇನೂ ಬದಲಾಗಿರಲಿಲ್ಲ.

ಕೂರುವ ಕ್ರಮ ಹೀಗೆ: ಕಾಲಡಿ ಮಣೆ ಇಟ್ಟರೆ ಮೊಣಕಾಲು ಏರುತ್ತದೆ. ಎರಡೂ ತೊಡೆ ಸೇರಿಸಿ ಮಗುವನ್ನು ಅದರ ಮೇಲೆ ನಮ್ಮ ಕಡೆ ಮುಖ ಮಾಡಿ ಮಲಗಿಸುವುದು. ಅಂಡು ನಮ್ಮ ಹೊಟ್ಟೆಯ ಹತ್ತಿರ, ತಲೆ ಮೊಣಕಾಲಿನ ಕಡೆ, ತಲೆ ಕುತ್ತಿಗೆಯ ಕೆಳಗೆ ಒಂದು ಅಂಗೈ. ಬಾಗಿದರೆ ಮುಖ ಸರಿಯಾಗಿ ಒಂದು ಗೇಣು. ಮೊದಲು ಸುಮ್ಮನೆ ನೋಡುವುದು. ನೋಟ ನಿಂತ ಮೇಲೆ ನಿಧಾನ ಎಳೆದು ಒಂದು ಮಾತು, ತುಳುವೋ ಕೊಂಕಣಿಯೋ ಬ್ಯಾರಿಯೋ ಕನ್ನಡವೋ, ಮನೆಯಲ್ಲಿ ಆಡುವುದು ಯಾವುದೋ ಅದು. ಆಮೇಲೆ ಬಾಯಿ ಮುಚ್ಚಿ ಮನಸ್ಸಿನಲ್ಲಿ ಹತ್ತು ಎಣಿಸುವುದು.

ಈ ಹತ್ತು ಎಣಿಸುವುದರಲ್ಲೇ ಎಲ್ಲರೂ ಸೋಲುವುದು. ಅಪ್ಪ ಒಂದೇ ಉಸಿರಿಗೆ ಮಾತು, ಚಿಟಿಕೆ, ನಾಲಿಗೆಯಲ್ಲಿ ಟಕ್ ಟಕ್, ತಲೆ ಅಲ್ಲಾಡಿಸುವುದು ಎಲ್ಲ ಮಾಡಿದರು. ಮಗು ಮುಖ ತಿರುಗಿಸಿತು. ಎಳೆಮಗುವಿನ ಉತ್ತರ ನಿಧಾನ, ತುಟಿ ಸಣ್ಣಗೆ ಅಲುಗುವುದು, ಹುಬ್ಬು ಏರುವುದು, ಕಾಲಿನ ಒಂದು ಒದೆತ. ಅದು ಬರುವಷ್ಟರಲ್ಲಿ ನಾವು ಮೂರನೇ ಪ್ರಶ್ನೆ ಕೇಳಿರುತ್ತೇವೆ. ನಾಲಿಗೆ ಹೊರಚಾಚುವ ಆಟವೂ ಉಂಟು: ನಿಧಾನ ಚಾಚಿ ಒಳಗೆ ಎಳೆದುಕೊಂಡು ಕಾಯುವುದು. ಮಗು ಅದನ್ನು ಅನುಕರಿಸುತ್ತದೆ ಎಂದು 1977ರಲ್ಲಿ ಮೆಲ್ಟ್ಸಾಫ್ ಮತ್ತು ಮೂರ್ ಎಂಬ ವಿಜ್ಞಾನಿಗಳು ಬರೆದರು. 2016ರಲ್ಲಿ ನೂರಕ್ಕೂ ಹೆಚ್ಚು ಮಕ್ಕಳನ್ನು ನೋಡಿದವರು ಹಾಗೇನೂ ಕಾಣಲಿಲ್ಲ ಎಂದರು. ಅನುಕರಣೆಯೋ ಅಲ್ಲವೋ, ಮಗು ಕಣ್ಣು ಕೀಳದೆ ನೋಡುವುದಂತೂ ಹೌದು. ನಗುವನ್ನು ಈಗಲೇ ಕೇಳಬಾರದು. ನಮ್ಮನ್ನು ನೋಡಿ ನಗುವುದು ಆರರಿಂದ ಎಂಟು ವಾರದ ಹೊತ್ತಿಗೆ. ಈಗ ಕಾಣುವುದು ನಿದ್ದೆಯ ನಗು.

ಮಳೆ ಜೋರಾಯಿತು. ಎಲ್ಲರೂ ಸ್ವರ ಏರಿಸಿದರು. ಏರಿಸುವುದಕ್ಕಿಂತ ಕಿವಿಯ ಹತ್ತಿರ ಹೋಗಿ ಮೆಲ್ಲಗೆ ಗುನುಗುವುದು ಒಳ್ಳೆಯದು. ಅಮ್ಮನ ಸ್ವರ ಹೊಟ್ಟೆಯೊಳಗಿಂದಲೇ ಗೊತ್ತು. ಗಿಲಕಿ ಮಾತ್ರ ಕಿವಿಗೆ ಹಿಡಿದು ಆಡಿಸಬಾರದು. ಮಗು ಬೆಚ್ಚಿ ಎರಡೂ ಕೈ ಚಾಚಿ ಅಳುತ್ತದೆ. ಒಂದು ಅಡಿ ದೂರದಲ್ಲಿ, ಕಣ್ಣಿಗೆ ಕಾಣದ ಪಕ್ಕದಲ್ಲಿ ಎರಡು ಸಲ ಮೆಲ್ಲಗೆ ಅಲ್ಲಾಡಿಸಿ ನಿಲ್ಲಿಸಿದರೆ ಕೈಕಾಲು ತಟ್ಟನೆ ನಿಶ್ಚಲ ಆಗುತ್ತವೆ, ಕೇಳಿಸಿತು ಎಂದರ್ಥ. ದೊಡ್ಡ ಸದ್ದಿಗೂ ಬೆಚ್ಚದಿದ್ದರೆ ಆಟ ಬದಿಗಿಟ್ಟು ಕಿವಿ ಪರೀಕ್ಷೆ ಮಾಡಿಸಬೇಕು. ಒಂದು ತಿಂಗಳೊಳಗೆ ಆ ಪರೀಕ್ಷೆ ಆಗುವುದು ಎಲ್ಲ ಮಕ್ಕಳಿಗೂ ಒಳ್ಳೆಯದು.

ಮಧ್ಯಾಹ್ನ ಕವುಚಿ ಮಲಗಿಸುವ ಆಟ. ಹಾಲು ಕುಡಿದು ಅರ್ಧ ಗಂಟೆ ಆಗಿರಬೇಕು, ಇಲ್ಲದಿದ್ದರೆ ಕುಡಿದದ್ದೆಲ್ಲ ಅಪ್ಪನ ಮೈಗೆ. ಈಸಿ ಚೇರಿನಲ್ಲಿ ಒರಗಿ ಬರಿ ಎದೆಯ ಮೇಲೆ ಮಗುವನ್ನು ಕವುಚಿ ಹಾಕಿ, ಬೆನ್ನಿನ ಮೇಲೆ ಹಳೆಯ ಹತ್ತಿ ಸೀರೆಯ ತುಂಡು. ಮಗುವಿನ ತಲೆ ಒಂದು ಕ್ಷಣ ಏಳುತ್ತದೆ, ಧೊಪ್ ಎಂದು ಬೀಳುತ್ತದೆ, ಅಷ್ಟೇ ಕಸರತ್ತು. ಒಂದೆರಡು ನಿಮಿಷದಿಂದ ಸುರು ಮಾಡಿ ದಿನಕ್ಕೆ ಎರಡು ಮೂರು ಸಲ. ನೆಲದಲ್ಲಾದರೆ ಚಾಪೆಯ ಮೇಲೆ ದಪ್ಪ ಬಟ್ಟೆ ಹಾಸಬೇಕು. ಫೋಮ್ ಹಾಸಿಗೆ ಬೇಡ, ಮೂಗು ಹೂತುಹೋಗುತ್ತದೆ. ಕಣ್ಣು ಮುಚ್ಚಿತೋ, ತಕ್ಷಣ ಅಂಗಾತ ಮಾಡಿ ಸಮತಟ್ಟಾದ ಜಾಗದಲ್ಲಿ ಮಲಗಿಸಬೇಕು. ಮಗು ಎದೆಯ ಮೇಲಿರುವಾಗ ಅಪ್ಪನಿಗೂ ತೂಕಡಿಕೆ ಬರುತ್ತದೆ, ಅದು ಅಪಾಯ. ಆ ಹೊತ್ತು ಒಬ್ಬರು ಪಕ್ಕದಲ್ಲಿರಬೇಕು.

ಕೈಗವುಸು ಹೊತ್ತಿಡೀ ಹಾಕಿಡುವ ಮನೆಗಳೇ ಹೆಚ್ಚು, ಉಗುರು ತಾಗುತ್ತದೆ ಎಂದು. ಉಗುರು ಕತ್ತರಿಸಿ ಕೈ ಬಿಟ್ಟುಕೊಡುವುದು ವಾಸಿ. ಮಗುವಿನ ಕಿರುಬೆರಳಿನ ಕಡೆಯಿಂದ ನಮ್ಮ ತೋರುಬೆರಳನ್ನು ಅಂಗೈಗೆ ಜಾರಿಸಿದರೆ ಮುಷ್ಟಿ ಬಿಗಿಯುತ್ತದೆ. ಹಿಡಿತ ಗಟ್ಟಿ ಉಂಟೆಂದು ಅದರಲ್ಲೇ ಎತ್ತಿ ನೋಡಬಾರದು, ಹೇಳದೆ ಕೇಳದೆ ಬಿಟ್ಟುಬಿಡುವ ಹಿಡಿತ ಅದು.

ಮೂರು ಗಂಟೆಗೆ ನೆಂಟರು ಬಂದರು. ಕೈ ತೊಳೆಯದೆ ಎತ್ತಿಕೊಂಡವರು, ಕೆನ್ನೆಗೆ ಮುತ್ತು ಕೊಟ್ಟವರು, ಎತ್ತಿ ಹಾರಿಸಿ ಆಡಿಸಲು ಹೊರಟವರು. ಹಾರಿಸುವುದು, ಕುಲುಕುವುದು ಎರಡೂ ಬೇಡ. ಕುತ್ತಿಗೆಗೆ ಇನ್ನೂ ಶಕ್ತಿ ಇಲ್ಲ, ಕುಲುಕಿದರೆ ತಲೆಯೊಳಗೆ ರಕ್ತಸ್ರಾವ ಆಗಬಹುದು. ಐದನೆಯವರ ಕೈಗೆ ಹೋಗುವಾಗ ಮಗು ಆಕಳಿಸಿತು, ಬಿಕ್ಕಳಿಸಿತು, ಬೆರಳು ಬಿಡಿಸಿ ಕೈ ಮುಂದೆ ಹಿಡಿಯಿತು. ಬಿಕ್ಕಳಿಕೆಗೆ ಒಬ್ಬರು ನೀರು ಕೊಡಿ ಅಂದರು, ಇನ್ನೊಬ್ಬರು ನೆತ್ತಿಯ ಮೇಲೆ ನೂಲಿನ ಎಳೆ ಇಡಿ ಅಂದರು. ಮಗು ಹೇಳಿದ್ದು ಸಾಕು ಎಂದು. ಒಳಗಿನ ಕೋಣೆಗೆ ಒಯ್ದು ಸುಮ್ಮನೆ ಎದೆಗೆ ಒರಗಿಸಿಕೊಂಡ ಮೇಲೆ ಸಮಾಧಾನ ಆಯಿತು.

ಬಸ್ಸಿಗೆ ಹೊರಡುವ ಮೊದಲು, ದೀಪ ಹಚ್ಚುವ ಹೊತ್ತಿಗೆ, ಇನ್ನೊಮ್ಮೆ ಎಚ್ಚರ. ಅಪ್ಪ ತಾವೇ ಕುರ್ಚಿ ತಿರುಗಿಸಿ, ಮಣೆ ಎಳೆದುಕೊಂಡು ಕೂತರು. ಒಂದು ಮಾತು, ಆಮೇಲೆ ಮೌನ. ಮುಖವನ್ನು ನಿಧಾನ ಬಲಕ್ಕೆ ಸರಿಸಿದರು. ಮಗುವಿನ ಕಣ್ಣು ತಡವರಿಸುತ್ತಾ ಅರ್ಧ ದಾರಿ ಹಿಂದೆ ಬಂದು ತಪ್ಪಿತು, ಮತ್ತೆ ಹುಡುಕಿ ಹಿಡಿಯಿತು. ಇನ್ನೂ ಎರಡು ಸಲ. ನಾಲ್ಕನೇ ಸಲ ಮಗು ಗೋಡೆಯ ಕಡೆ ತಿರುಗಿತು, ಅವರೂ ಹಿಂದೆ ಒರಗಿದರು.

"ಇಷ್ಟು ಬೇಗ ಆಯ್ತಾ?" ಬಾಗಿಲಿನಿಂದ ಅತ್ತೆ ಕೇಳಿದರು.

"ಅವಳಿಗೆ ಸಾಕಂತೆ."