‘ಬಡತನ ನೋಡೋಕೂ ಟಿಕೆಟ್ಟಾ?’ ಎಂದು ಕೇಳುವವರಿಗೆ

ಚಿತ್ರೋತ್ಸವದ ಪಾಸು ಕೊರಳಿಗೆ ಹಾಕಿಕೊಂಡು ಓಡಾಡುವವರಿಗೆಲ್ಲ ಈ ಪ್ರಶ್ನೆ ಪರಿಚಿತ. ನಮ್ಮ ಚಿಕ್ಕಪ್ಪ ಕೇಳುವುದು ನೇರವಾಗಿ: “ಬಡತನ ಉಂಡು ಬೆಳೆದೋರು ಕಣೋ ನಾವು. ಅದನ್ನೇ ದುಡ್ಡು ಕೊಟ್ಟು ನೋಡ್ಬೇಕಾ?” ಆಫೀಸಿನವರದು ಸ್ವಲ್ಪ ನಯ: ಇದೆಲ್ಲ ಬಡತನ ತೋರಿಸಿ ಫಾರಿನ್‌ನಲ್ಲಿ ಪ್ರಶಸ್ತಿ ಹೊಡೆಯೋ ದಂಧೆ ಅಲ್ವಾ ಸರ್? ಹಳೆಯ ಆರೋಪವೇ. 1980ರಲ್ಲಿ, ರಾಜ್ಯಸಭಾ ಸದಸ್ಯೆಯಾಗಿದ್ದಾಗ, ನಟಿ ನರ್ಗಿಸ್ ಸತ್ಯಜಿತ್ ರಾಯ್ ಮೇಲೆ ಹೊರಿಸಿದ್ದೂ ಇದನ್ನೇ, ದೇಶದ ಬಡತನವನ್ನು ರಫ್ತು ಮಾಡುತ್ತಾರೆ ಎಂದು.

ದಂಧೆ ಇಲ್ಲ ಎಂದು ನಾನು ವಾದಿಸುವುದಿಲ್ಲ. ಇದೆ. ಮಗುವಿನ ಮೂಗು ಸೋರುವುದನ್ನು ಹತ್ತಿರದಿಂದ ತೋರಿಸಿ, ಹಿಂದೆ ಪಿಟೀಲು ಕುಯ್ಯುವ ಸಿನಿಮಾಗಳನ್ನು ನಾನೂ ನೋಡಿದ್ದೇನೆ. ಮಧ್ಯದಲ್ಲೇ ಎದ್ದೂ ಬಂದಿದ್ದೇನೆ. ಹಾಗಾಗಿ ವಾದ ಬಿಟ್ಟು, ಒಂದು ಸಿನಿಮಾದ ಹೆಸರು ಹೇಳುತ್ತೇನೆ: ‘ಕಿಲ್ಲರ್ ಆಫ್ ಶೀಪ್’. ಚಾರ್ಲ್ಸ್ ಬರ್ನೆಟ್ ಎಂಬ ಕಪ್ಪು ಅಮೆರಿಕನ್ ನಿರ್ದೇಶಕ ಲಾಸ್ ಏಂಜಲೀಸಿನ ವಾಟ್ಸ್ ಎಂಬಲ್ಲಿ ಮಾಡಿದ್ದು. ಹಾಲಿವುಡ್ ಇರುವುದೂ ಅದೇ ಊರಿನಲ್ಲೇ.

ಬರ್ನೆಟ್ ವಾಟ್ಸ್‌ನಲ್ಲೇ ಬೆಳೆದವರು. ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲಿ ಸಿನಿಮಾ ಓದುತ್ತ, ಪದವಿಗೆ ಸಲ್ಲಿಸಬೇಕಾದ ಚಿತ್ರವಾಗಿ ಇದನ್ನು ಮಾಡಿದರು. 16 ಎಂಎಂ, ಕಪ್ಪು-ಬಿಳುಪು, ಖರ್ಚು 10 ಸಾವಿರ ಡಾಲರಿಗೂ ಕಡಿಮೆ. ಬರೆದದ್ದು, ಕ್ಯಾಮೆರಾ ಹಿಡಿದದ್ದು, ಸಂಕಲನ ಮಾಡಿದ್ದು ಎಲ್ಲ ಅವರೇ. ಹೆಚ್ಚಿನ ಚಿತ್ರೀಕರಣ ವಾರಾಂತ್ಯಗಳಲ್ಲಿ ನಡೆದದ್ದು. ನಟಿಸಿದವರಲ್ಲಿ ಎಷ್ಟೋ ಮಂದಿ ಆ ಕೇರಿಯವರೇ. 1965ರ ಆಗಸ್ಟಿನಲ್ಲಿ ಪೊಲೀಸರ ಜೊತೆಗಿನ ಒಂದು ಜಟಾಪಟಿಯಿಂದ ಹೊತ್ತಿಕೊಂಡ ಗಲಭೆಯಲ್ಲಿ ವಾಟ್ಸ್ ಸುಟ್ಟಿತ್ತು, 34 ಜನ ಸತ್ತಿದ್ದರು. ಸಿನಿಮಾದಲ್ಲಿ ಆ ವಿಷಯದ ಒಂದು ಮಾತೂ ಬರುವುದಿಲ್ಲ. ಪಾಳುಬಿದ್ದ ಜಾಗಗಳು ಕಾಣುತ್ತವೆ, ಮಕ್ಕಳು ಅಲ್ಲಿ ಕಲ್ಲು ತೂರಾಡಿಕೊಂಡು ಆಡುತ್ತಾರೆ, ಅಷ್ಟೇ.

ಕಥೆ ಎಂದು ಹೇಳಿಕೊಳ್ಳುವಂಥದ್ದೇನೂ ಇಲ್ಲ. ಸ್ಟ್ಯಾನ್ ಎಂಬುವನು ಕಸಾಯಿಖಾನೆಯಲ್ಲಿ ಕುರಿ ಕಡಿಯುವ ಕೆಲಸಗಾರ. ಹೆಂಡತಿ, ಇಬ್ಬರು ಮಕ್ಕಳು. ರಾತ್ರಿ ನಿದ್ದೆ ಬರುವುದಿಲ್ಲ, ಹೆಂಡತಿಯನ್ನು ಮುಟ್ಟುವುದಕ್ಕೂ ಮನಸ್ಸಾಗುವುದಿಲ್ಲ. ಹಸಿವಿನಿಂದ ಯಾರೂ ಸಾಯುವುದಿಲ್ಲ. ಬಡತನ ಇಲ್ಲಿ ಸುಸ್ತಿನ ರೂಪದಲ್ಲಿದೆ. ನನ್ನ ಮಟ್ಟಿಗೆ ಅದೇ ಹೆಚ್ಚು ನಿಜ.

ಒಂದು ದೃಶ್ಯ ಹೇಳುತ್ತೇನೆ. ಸ್ಟ್ಯಾನ್ ಸಂಬಳದ ಚೆಕ್ಕು ಮುರಿಸಿ, ಸ್ನೇಹಿತನೊಡನೆ ಹೋಗಿ, ಕಾರಿನ ಒಂದು ಹಳೇ ಎಂಜಿನ್ ಕೊಳ್ಳುತ್ತಾನೆ. ಮಹಡಿಯಿಂದ ಅದನ್ನು ಇಬ್ಬರೂ ಹೊತ್ತು ಇಳಿಸಬೇಕು. ಒಂದೊಂದೇ ಮೆಟ್ಟಿಲು. ಇಳಿಸುತ್ತಾರೆ, ಏದುಸಿರು ಬಿಡುತ್ತಾರೆ, ಮತ್ತೆ ಎತ್ತುತ್ತಾರೆ. ಬರ್ನೆಟ್ ಇದನ್ನು ಕತ್ತರಿಸಿ ಚುಟುಕು ಮಾಡುವುದಿಲ್ಲ. ಭಾರ ನಮ್ಮ ಸೊಂಟಕ್ಕೂ ತಾಗುತ್ತದೆ. ಕಡೆಗೆ ಪಿಕಪ್ ಗಾಡಿಯ ಹಿಂಬದಿಯ ಅಂಚಿಗೆ ತಂದಿಡುತ್ತಾರೆ. ಇನ್ನೂ ಒಳಕ್ಕೆ ತಳ್ಳೋಣ ಎಂದರೆ ಸ್ನೇಹಿತ, ಬೇಡ, ನಿಲ್ಲುತ್ತೆ ಬಿಡು ಎನ್ನುತ್ತಾನೆ. ರಸ್ತೆ ಏರು. ಗಾಡಿ ಹೊರಟಿದ್ದೇ ತಡ, ಎಂಜಿನ್ ಉರುಳಿ ಬಿದ್ದು ಒಡೆಯುತ್ತದೆ. ಇಬ್ಬರೂ ಇಳಿದು ನೋಡುತ್ತಾರೆ, ಹತ್ತಿ ಹೊರಟುಬಿಡುತ್ತಾರೆ. ಗಾಡಿಯ ಹಿಂದಿನಿಂದ ಕ್ಯಾಮೆರಾ, ರಸ್ತೆಯಲ್ಲಿ ಬಿದ್ದ ಎಂಜಿನ್ ಚಿಕ್ಕದಾಗುತ್ತ ಹೋಗುವುದನ್ನು ತೋರಿಸುತ್ತದೆ.

ಈ ದೃಶ್ಯವನ್ನು ಲ್ಯಾಪ್‌ಟಾಪಿನಲ್ಲಿ ಯಾರಿಗೇ ತೋರಿಸಿದರೂ “ಅಯ್ಯೋ ಪಾಪ” ಎನ್ನುವುದಿಲ್ಲ. “ಹಗ್ಗ ಹಾಕಿ ಬಿಗಿಯೋಕೇನಾಗಿತ್ತು ಇವರಿಗೆ?” ಎಂದು ರೇಗುತ್ತಾರೆ. ನನಗೆ ಬೇಕಾದ ಉತ್ತರ ಆ ರೇಗಾಟದಲ್ಲಿದೆ. ಪಾಪ ಎನ್ನುವುದು ನಮಗಿಂತ ಕೆಳಗಿನವರನ್ನು ಕಂಡಾಗ. ರೇಗುವುದು ನಮ್ಮವರ ಮೇಲೆ, ಭಾಮೈದನ ಮೇಲೆ, ಪಕ್ಕದ ಮನೆಯವನ ಮೇಲೆ. ಸಂಬಳದ ಒಂದು ಪಾಲು, ಒಂದು ಮಧ್ಯಾಹ್ನದ ಬೆವರು, ‘ಇಷ್ಟು ಸಾಕು’ ಎಂಬ ಒಂದು ಉದಾಸೀನ. ದುಡ್ಡಿದ್ದವನೂ ಅದೇ ಉದಾಸೀನ ಮಾಡುತ್ತಾನೆ. ಅವನು ಇನ್ನೊಂದು ಎಂಜಿನ್ ತರುತ್ತಾನೆ. ಇದೇ ಚಿತ್ರದಲ್ಲಿ ಎಲ್ಲರೂ ಒಂದು ಕಾರಿನಲ್ಲಿ ಒತ್ತಿಕೊಂಡು ಕುದುರೆ ರೇಸಿಗೆ ಹೊರಡುತ್ತಾರೆ, ದಾರಿಯಲ್ಲಿ ಪಂಕ್ಚರ್, ಸ್ಟೆಪ್ನಿ ಇಲ್ಲ. ವಾಪಸ್.

ಇನ್ನೊಂದು ಕಡೆ ಸ್ಟ್ಯಾನ್‌ಗೆ ಸಿಟ್ಟು ಬರುತ್ತದೆ. ಬಡವ ಎಂದದ್ದಕ್ಕೆ. ನಾನೆಲ್ಲಿ ಬಡವ, ಸಾಲ್ವೇಶನ್ ಆರ್ಮಿ ಎಂಬ ಧರ್ಮಸಂಸ್ಥೆಗೆ ಸಾಮಾನು ದಾನ ಕೊಡುವವನು ನಾನು, ಬಡವನಾದರೆ ಕೊಡೋಕಾಗುತ್ತಾ ಎನ್ನುತ್ತಾನೆ. ಆಮೇಲೆ ನಿಜವಾದ ಬಡವ ಯಾರೆಂದು ಇನ್ನೊಬ್ಬನನ್ನು ತೋರಿಸುತ್ತಾನೆ: ಕೋಟು ಸುತ್ತಿಕೊಂಡು ಒಲೆಯ ಮುಂದೆ ಕೂತು, ಖಾಲಿ ಸೈಟಿನಲ್ಲಿ ಬೆಳೆದ ಸೊಪ್ಪು ಕಿತ್ತು ತಿನ್ನುವವನು. (ಬೆರಕೆ ಸೊಪ್ಪಿನ ಸಾರು ಉಂಡು ಬೆಳೆದ ನನಗೆ ಇಲ್ಲಿ ಪ್ರತಿಸಲ ನಗು ಬರುತ್ತದೆ.) ಬಡತನದ ಗೆರೆಯನ್ನು ಎಲ್ಲರೂ ತಮ್ಮ ಮನೆಯಿಂದ ಒಂದು ಮನೆ ಆಚೆಗೆ ಎಳೆಯುತ್ತಾರಲ್ಲ, ಅದು. ನಮ್ಮ ಚಿಕ್ಕಪ್ಪನೂ ಬಡತನ ಉಂಡೆ ಎಂದು ಹೇಳುವುದು ಹಿಂದಿನ ಕಾಲದ ಮಾತಾಗಿಯೇ. ಆ ದಿನಗಳಲ್ಲಿ ಯಾರಾದರೂ ಎದುರಿಗೆ ಬಂದು ಬಡವ ಎಂದಿದ್ದರೆ ಸುಮ್ಮನಿರುತ್ತಿರಲಿಲ್ಲ.

ಹಾಗಾಗಿ ಯಾವುದು ದಂಧೆ, ಯಾವುದಲ್ಲ ಎಂದು ನೋಡಲು ನಾನು ಕೇಳಿಕೊಳ್ಳುವುದು ಇಷ್ಟು: ಆ ಮನುಷ್ಯನಿಗೆ ತನ್ನ ಪಾಡಿನ ಬಗ್ಗೆ ತನ್ನದೇ ಒಂದು ಅಭಿಪ್ರಾಯ ಇದೆಯೋ, ಇಲ್ಲ ನಮ್ಮ ಅಭಿಪ್ರಾಯಕ್ಕಾಗಿ ಅವನನ್ನು ಅಲ್ಲಿ ಕೂರಿಸಿದ್ದಾರೋ? ಸ್ಟ್ಯಾನ್‌ನ ಹೆಂಡತಿಯನ್ನೇ ನೋಡಿ. ಗಂಡನನ್ನು ಒಂದು ಕೊಲೆಗೆ ಜೊತೆ ಮಾಡಿಕೊಳ್ಳಲು ಇಬ್ಬರು ಬರುತ್ತಾರೆ. ಗಂಡಸಾದರೆ ಬಾ ಎಂಬ ಧಾಟಿ. ಅವಳು ಮನೆಯೊಳಗಿಂದ ಬಂದು ಅವರ ಗಂಡಸುತನಕ್ಕೆ ಬಾಗಿಲಲ್ಲೇ ಉಗಿದು ಕಳಿಸುತ್ತಾಳೆ. ಅದೇ ಹೆಂಗಸು ಡೈನಾ ವಾಷಿಂಗ್ಟನ್ ಹಾಡಿಗೆ ಗಂಡನನ್ನು ತಬ್ಬಿ ನಿಧಾನಕ್ಕೆ ಕುಣಿಯುವ ದೃಶ್ಯವೂ ಇದೆ. ಹಾಡು ಮುಗಿದಾಗ ಅವನು ಬಿಡಿಸಿಕೊಂಡು ಹೋಗಿಬಿಡುತ್ತಾನೆ. ಹೆಂಡತಿಯ ಪಾತ್ರ ಮಾಡಿದ್ದು ಕೇಸೀ ಮೂರ್ ಎಂಬ ನಟಿ. ಆ ಒಂದು ದೃಶ್ಯದ ಮುಂದೆ ಅಳಿಸುವ ಸಿನಿಮಾಗಳೆಲ್ಲ ಪೇಲವ.

ಇನ್ನು ಮಾರಾಟದ ವಿಷಯ. ಬರ್ನೆಟ್ ಇದರಲ್ಲಿ ಪಾಲ್ ರೋಬ್ಸನ್‌ನಿಂದ ಹಿಡಿದು ಅರ್ತ್, ವಿಂಡ್ ಅಂಡ್ ಫೈರ್ ತಂಡದವರೆಗೆ ತಮಗಿಷ್ಟದ ಹಾಡುಗಳನ್ನೆಲ್ಲ ಹಾಕಿದ್ದರು, ಹಕ್ಕು ಕೊಳ್ಳಲು ಕಾಸಿರಲಿಲ್ಲ. ಆದ್ದರಿಂದ 1977ರಲ್ಲಿ ಮುಗಿದ ಚಿತ್ರ ಸರಿಯಾಗಿ ಥಿಯೇಟರಿಗೆ ಬಂದದ್ದು 2007ರಲ್ಲಿ. ಆ ನಡುವೆ 1990ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಇದನ್ನು ಕಾಪಾಡಬೇಕಾದ ಚಿತ್ರಗಳ ರಾಷ್ಟ್ರೀಯ ಪಟ್ಟಿಗೆ ಸೇರಿಸಿಯೂ ಆಗಿತ್ತು! ಹಾಡುಗಳ ಹಕ್ಕಿಗೆ ಕಡೆಗೆ ತಗುಲಿದ್ದು ಸುಮಾರು ಒಂದೂವರೆ ಲಕ್ಷ ಡಾಲರ್, ಅಂದರೆ ಚಿತ್ರದ ಖರ್ಚಿನ ಹದಿನೈದು ಪಟ್ಟು. ಬಡತನ ಮಾರಿಯೇ ಬದುಕುವುದಾದರೆ ಇದಕ್ಕಿಂತ ಕೆಟ್ಟ ವ್ಯಾಪಾರ ಇನ್ನೊಂದಿಲ್ಲ.

ಪ್ರಶ್ನೆ ಕೇಳುವವರಲ್ಲಿ ಎಡಪಂಥದ ಗೆಳೆಯರೂ ಇದ್ದಾರೆ. ಅವರ ತಕರಾರು ಬೇರೆ: ಪರಿಹಾರ ಎಲ್ಲಿದೆ, ಸಂಘಟನೆ ಎಲ್ಲಿದೆ? ಬರ್ನೆಟ್ ತಮ್ಮ ಸಹಪಾಠಿಗಳ ಚಿತ್ರಗಳ ಬಗ್ಗೆ ಹೇಳುತ್ತಿದ್ದ ಮಾತೇ ಇದಕ್ಕೆ ಉತ್ತರ: ದುಡಿಯುವವರ ಕಷ್ಟಕ್ಕೆ ಅವುಗಳಲ್ಲಿ ಒಂದು ಕಾರಣ, ಒಂದು ಪರಿಹಾರ ಸಿದ್ಧವಾಗಿರುತ್ತಿತ್ತು, ತಾನು ಬೆಳೆದ ಕೇರಿಯಲ್ಲಿ ಬದುಕು ಹಾಗಿರಲಿಲ್ಲ. ನನಗೂ ಮೊದಲರ್ಧ ಗಂಟೆ ಎತ್ತ ಹೋಗುತ್ತಿದೆ ಇದು ಎಂದು ಅನಿಸುತ್ತದೆ, ಈಗಲೂ. ಅದು ಚಿತ್ರದ ದೋಷ ಎಂದರೆ ಒಪ್ಪಿಕೊಳ್ಳುತ್ತೇನೆ.

ನೋಡುವುದಿದ್ದರೆ: ಹೆಚ್ಚುಕಡಿಮೆ ಎಂಬತ್ತು ನಿಮಿಷ ಅಷ್ಟೇ. ಸಬ್‌ಟೈಟಲ್ ಹಾಕಿಕೊಳ್ಳಿ, ಅಲ್ಲಿನ ಮಾತಿನ ಲಯಕ್ಕೆ ನಮ್ಮ ಕಿವಿ ಪಳಗಿರುವುದಿಲ್ಲ. ಪ್ರತಿಗಳಲ್ಲಿ ಎರಡು ಬಗೆ ಇವೆ. ಮೂಲದಲ್ಲಿ ಕೊನೆಗೆ ಬರುತ್ತಿದ್ದದ್ದು ಡೈನಾ ವಾಷಿಂಗ್ಟನ್ ಹಾಡಿದ ‘ಅನ್‌ಫರ್ಗೆಟಬಲ್’. 2007ರಲ್ಲಿ ಅದರ ಹಕ್ಕು ಸಿಗದೆ, ಕುಣಿತದ ದೃಶ್ಯದ ‘ದಿಸ್ ಬಿಟರ್ ಅರ್ತ್’ ಹಾಡನ್ನೇ ಅಲ್ಲಿಯೂ ಹಾಕಿದರು. ಈಚಿನ 4ಕೆ ಪ್ರತಿಯಲ್ಲಿ ಮೂಲದ ಹಾಡು ಮರಳಿದೆ. 2007ರ ಪ್ರತಿಯನ್ನೇ ನೋಡಿ ಅಭ್ಯಾಸವಾದವರು ಬೇಸರಪಟ್ಟುಕೊಂಡಿದ್ದಾರೆ. ನಾನು ಹೊಸದರ ಪಕ್ಷ: ಕಹಿಯ ಹಾಡು ಎರಡನೇ ಸಲ ಬಂದಾಗ ಯಾರೋ ನಮಗೆ ಅರ್ಥ ಹೇಳಿಕೊಟ್ಟ ಹಾಗಾಗುತ್ತಿತ್ತು.