ಐಸ್ ಮೇಕರ್ ಕೆಟ್ಟಿದೆ ಎನ್ನುವ ಮುಂಚೆ

ಐಸ್ ಬರುತ್ತಿಲ್ಲ, ಬಂದರೂ ಚಿಕ್ಕದಾಗಿ ಬರುತ್ತದೆ, ಟೊಳ್ಳಾಗಿರುತ್ತದೆ ಎಂದರೆ ಎಲ್ಲರೂ ಮೊದಲು ಬೈಯುವುದು ಫ್ರೀಜರ್‌ನೊಳಗೆ ತಾನಾಗಿ ಐಸ್ ತಯಾರಿಸುವ ಐಸ್ ಮೇಕರ್‌ಗೆ. ಆದರೆ ಎಷ್ಟೋ ಸಲ ಅದರ ತಪ್ಪೇನೂ ಇರುವುದಿಲ್ಲ. ಫ್ರೀಜರ್ ಸಾಕಷ್ಟು ತಣ್ಣಗಿರುವುದಿಲ್ಲ, ಇಲ್ಲವೇ ನೀರು ಸರಿಯಾಗಿ ಬಂದಿರುವುದಿಲ್ಲ.

ಐಸ್ ಮೇಕರ್ ಕೆಲಸ ಮಾಡುವ ರೀತಿ ಗೊತ್ತಿದ್ದರೆ ಕಾರಣ ಹುಡುಕುವುದು ಸುಲಭ. ಫ್ರಿಜ್‌ನ ಹಿಂದಿರುವ ವಾಲ್ವ್ ಕೆಲವೇ ಸೆಕೆಂಡು ತೆರೆದು ಅಚ್ಚಿಗೆ ನೀರು ಬಿಡುತ್ತದೆ. ಅಚ್ಚು ಸುಮಾರು ಮೈನಸ್ 9 ಡಿಗ್ರಿಗೆ ಇಳಿದದ್ದನ್ನು ಥರ್ಮೋಸ್ಟಾಟ್ ಗುರುತಿಸಿದ ಮೇಲೆ, ಕೆಳಗಿನ ಚಿಕ್ಕ ಹೀಟರ್ ಅಚ್ಚನ್ನು ತುಸು ಬಿಸಿ ಮಾಡಿ ಐಸ್ ಬಿಡಿಸುತ್ತದೆ, ತಿರುಗುವ ಕಡ್ಡಿಗಳು ಅದನ್ನು ಡಬ್ಬಿಗೆ ತಳ್ಳುತ್ತವೆ. ಹೀಟರ್ ಇಲ್ಲದೆ ಟ್ರೇಯನ್ನೇ ತಿರುಚಿ ಐಸ್ ಉದುರಿಸುವ ಮಾದರಿಗಳೂ ಇವೆ. ಎರಡರಲ್ಲೂ ಫ್ರೀಜರ್ ಮೈನಸ್ 10ರ ಆಸುಪಾಸಿನಲ್ಲೇ ಇದ್ದರೆ ಅಚ್ಚು ಆ ಮಟ್ಟಕ್ಕೆ ಇಳಿಯುವುದಕ್ಕೇ ಹೆಣಗಾಡುತ್ತದೆ. ಇರಬೇಕಾದದ್ದು ಮೈನಸ್ 18.

ಅಳೆಯಲು ಫ್ರೀಜರ್ ಥರ್ಮಾಮೀಟರನ್ನು ಗಾಳಿಯಲ್ಲಿ ನೇತುಹಾಕಬೇಡಿ. ಬಾಗಿಲು ತೆರೆದ ಕೂಡಲೇ ಅದು ಏರಿಬಿಡುತ್ತದೆ. ಗಟ್ಟಿಯಾದ ಎರಡು ಪೊಟ್ಟಣಗಳ ನಡುವೆ ಸಿಕ್ಕಿಸಿ, ಬೆಳಿಗ್ಗೆ ಯಾರೂ ಬಾಗಿಲು ತೆಗೆಯುವ ಮುಂಚೆ ನೋಡಿ.

ನಾಬ್ ವಿಷಯದಲ್ಲಿ ಒಂದು ಎಡವಟ್ಟು ಸಾಮಾನ್ಯ. ಫ್ರೀಜರ್ ಮೇಲಿರುವ ಹಲವು ಫ್ರಾಸ್ಟ್ ಫ್ರೀ ಮಾದರಿಗಳಲ್ಲಿ ಎರಡು ನಾಬ್ ಇದ್ದರೂ ಕಂಪ್ರೆಸರ್ ಮಾತು ಕೇಳುವುದು ಒಂದನ್ನೇ. ಇನ್ನೊಂದು, ಫ್ರೀಜರ್‌ನ ತಣ್ಣನೆ ಗಾಳಿ ಕೆಳಗೆ ಎಷ್ಟು ಇಳಿಯಬೇಕು ಎಂಬುದನ್ನು ನಿರ್ಧರಿಸುವ ಬರೀ ಒಂದು ಮುಚ್ಚಳ. ಅದನ್ನು ಫ್ರೀಜರ್ ಗರಿಷ್ಠ ತಣ್ಣಗಾಗುವ ಕಡೆಗೆ ತಿರುಗಿಸಿದರೆ ಕೆಳಗೆ ಇಳಿಯುವ ಗಾಳಿ ಕಡಿಮೆಯಾಗಿ, ಮೇಲೆ ಐಸ್ ಗಟ್ಟಿಯಾಗುತ್ತದೆ, ಕೆಳಗೆ ಹಾಲು ಒಡೆಯುತ್ತದೆ. ಒಂದು ಗೀಟು ತಿರುಗಿಸಿ 24 ಗಂಟೆ ಕಾಯ್ದು ಮತ್ತೆ ಅಳೆಯಿರಿ. ಗಾಳಿ ಬರುವ ಕಂಡಿಗೆ ಪೊಟ್ಟಣ ಅಡ್ಡವಿಟ್ಟಿದ್ದರಂತೂ ಯಾವ ನಾಬ್ ತಿರುಗಿಸಿಯೂ ಉಪಯೋಗವಿಲ್ಲ.

ತಣ್ಣಗಿದ್ದೂ ಐಸ್ ಟೊಳ್ಳಾಗಿದ್ದರೆ ನೀರಿನ ಕಡೆ ಬನ್ನಿ. ಅಚ್ಚಿಗೆ ಕಡಿಮೆ ನೀರು ಬಿದ್ದರೆ ಅಂಚು ಬೇಗ ಹೆಪ್ಪುಗಟ್ಟಿ, ನಡುವೆ ನೀರಿರುವಾಗಲೇ ಐಸ್ ಹೊರಬೀಳುತ್ತದೆ. ಕಾರಣ ಹೆಚ್ಚಾಗಿ ಹಳೆಯ ಫಿಲ್ಟರ್. ಅದರ ಆಯುಸ್ಸು ಸುಮಾರು ಆರು ತಿಂಗಳು. ಫಿಲ್ಟರ್ ತೆಗೆದು, ಫ್ರಿಜ್ ಜೊತೆ ಬೈಪಾಸ್ ಪ್ಲಗ್ (ಫಿಲ್ಟರ್ ಇಲ್ಲದೆಯೇ ನೀರು ಹರಿಯಬಿಡುವ ಮುಚ್ಚಳ) ಬಂದಿದ್ದರೆ ಅದನ್ನು ಹಾಕಿ ನೋಡಿ. ಐಸ್ ತುಂಬಿಕೊಂಡು ಬಂದರೆ ಉತ್ತರ ಸಿಕ್ಕಿತು. ಆರ್‌ಒ ಘಟಕದಿಂದ ಲೈನ್ ಕೊಟ್ಟಿದ್ದರೆ ಒತ್ತಡ ಮೊದಲೇ ಇಳಿದಿರುತ್ತದೆ. ಅಲ್ಲಿ ಫ್ರಿಜ್‌ನ ಫಿಲ್ಟರ್ ಕೂಡ ಇಡುವುದು ನನ್ನ ಪ್ರಕಾರ ದಂಡ. ಫ್ರಿಜ್‌ನ ಹಿಂದೆ ಪೈಪು ಮಡಚಿಕೊಂಡಿದೆಯೇ ಎಂದೂ ನೋಡಿ.

ನೀರು ಒಂದು ಹನಿಯೂ ಬೀಳದಿದ್ದರೆ ಅಚ್ಚಿಗೆ ನೀರು ತರುವ ನಳಿಕೆಯೇ ಹೆಪ್ಪುಗಟ್ಟಿರಬಹುದು. ಫ್ರಿಜ್‌ನ ಕರೆಂಟ್ ಪ್ಲಗ್ ಕಿತ್ತು, ಹೇರ್ ಡ್ರೈಯರನ್ನು ಕಡಿಮೆ ಬಿಸಿಯಲ್ಲಿಟ್ಟು ದೂರದಿಂದ ಗಾಳಿ ಬಿಡಿ. ಹತ್ತಿರ ಹಿಡಿದರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಕರಗಿದ ನೀರು ಹಿಡಿಯಲು ಬಟ್ಟೆ ಇರಲಿ. ಕೆಲವೇ ದಿನಗಳಲ್ಲಿ ಮತ್ತೆ ಕಟ್ಟಿಕೊಂಡರೆ ವಾಲ್ವ್ ಪೂರ್ತಿ ಮುಚ್ಚದೆ ತೊಟ್ಟಿಕ್ಕುತ್ತಿದೆ ಎಂದು ಅನುಮಾನಿಸಿ. ಅದನ್ನು ಬದಲಿಸಲೇಬೇಕು. ಇಷ್ಟೆಲ್ಲ ಬಿಚ್ಚುವ ಮುಂಚೆ ಐಸ್ ಡಬ್ಬಿಯ ಮೇಲಿನ ತಂತಿ ಕೈಯನ್ನೊಮ್ಮೆ ನೋಡಿ. ಡಬ್ಬಿ ತುಂಬಿದಾಗ ಯಂತ್ರ ನಿಲ್ಲಿಸುವುದೇ ಅದರ ಕೆಲಸ. ಪೊಟ್ಟಣ ತಾಗಿ ಅದು ಮೇಲೆದ್ದಿದ್ದರೂ ಐಸ್ ನಿಲ್ಲುತ್ತದೆ.

ಡಬ್ಬಿಯಲ್ಲಿ ಐಸ್ ಉಂಡೆಗಟ್ಟುವುದು, ವಾಸನೆ ಹಿಡಿಯುವುದು ಹೆಚ್ಚಾಗಿ ಬಳಸದೆ ಬಿಟ್ಟದ್ದರಿಂದ. ಬಾಗಿಲು ತೆರೆದಾಗಲೆಲ್ಲ ಮೇಲ್ಮೈ ತುಸು ಕರಗಿ ಮತ್ತೆ ಅಂಟುತ್ತದೆ. ಮುಚ್ಚದೆ ಇಟ್ಟ ಮೀನು, ಈರುಳ್ಳಿಯ ವಾಸನೆಯನ್ನು ಐಸ್ ಹೀರಿಕೊಳ್ಳುತ್ತದೆ. ಎರಡು ವಾರಕ್ಕೊಮ್ಮೆ ಡಬ್ಬಿ ಖಾಲಿ ಮಾಡಿ ತೊಳೆದು, ಪೂರ್ತಿ ಒಣಗಿಸಿ ಇಡಿ. ಒದ್ದೆ ಡಬ್ಬಿ ಇಟ್ಟರೆ ತಳದಲ್ಲಿ ಮೊದಲ ಉಂಡೆ ಅಂದೇ ತಯಾರು. ಐಸ್ ನಡುವೆ ಬಿಳಿ ಮಬ್ಬು ಕಂಡರೆ ಹೆದರಬೇಕಿಲ್ಲ: ಹೊರಗಿನಿಂದ ಹೆಪ್ಪುಗಟ್ಟುತ್ತಾ ಬಂದಂತೆ ನೀರಿನಲ್ಲಿದ್ದ ಗಾಳಿ, ಲವಣ ನಡುವಿಗೆ ಸೇರಿರುತ್ತವೆ, ಅಷ್ಟೇ.

ಫ್ರಾಸ್ಟ್ ಫ್ರೀ ಅಲ್ಲದ ಫ್ರೀಜರ್‌ನಲ್ಲಿ ಹಿಮದ ಪದರ 5 ಮಿಲಿಮೀಟರ್ ದಾಟಿದರೆ ಡಿಫ್ರಾಸ್ಟ್ ಮಾಡಿ. ಚಾಕು, ಸ್ಕ್ರೂಡ್ರೈವರ್ ಬೇಡವೇ ಬೇಡ. ಗೋಡೆಯೊಳಗಿನ ತೆಳು ಕೊಳವೆ ತೂತಾದರೆ ಗ್ಯಾಸ್ ಹೋಯಿತು. ಹೊಸ ಫ್ರಿಜ್‌ಗಳಲ್ಲಿ ತಂಪು ಮಾಡಲು ಸಾಮಾನ್ಯವಾಗಿ ಬಳಸುವ ಆರ್600ಎ ಗ್ಯಾಸ್ ಬೆಂಕಿ ಹತ್ತುವಂಥದ್ದು. ಪ್ಲಗ್ ಕಿತ್ತು, ಬಿಸಿನೀರಿನ ಪಾತ್ರೆ ಒಳಗಿಟ್ಟು ಬಾಗಿಲು ಮುಚ್ಚಿ. ಫ್ರಾಸ್ಟ್ ಫ್ರೀ ಮಾದರಿಯಲ್ಲೂ ತಳದಲ್ಲಿ ಐಸ್ ಹಾಳೆ ಕಟ್ಟುತ್ತಿದ್ದರೆ ಡಿಫ್ರಾಸ್ಟ್ ನೀರು ಇಳಿಯುವ ತೂತು ಮುಚ್ಚಿಕೊಂಡಿರುತ್ತದೆ. ಬಾಗಿಲಂಚಿನಲ್ಲಿ ಹಿಮ ಕೂರುತ್ತಿದ್ದರೆ ರಬ್ಬರ್ ನೋಡಿ: ಕಾಗದವೊಂದನ್ನು ಸಿಕ್ಕಿಸಿ ಬಾಗಿಲು ಮುಚ್ಚಿ ಎಳೆಯಿರಿ, ಸಲೀಸಾಗಿ ಬಂದರೆ ಅಲ್ಲಿ ಹಿಡಿತವಿಲ್ಲ. ಮೊದಲು ಸೋಪಿನ ನೀರಿನಲ್ಲಿ ಒರೆಸಿ ನೋಡಿ. ಜಿಡ್ಡು ಹೋದ ಮೇಲೂ ಸರಿಹೋಗದಿದ್ದರೆ ಮಾತ್ರ ಹೊಸದು.

ವಾರಗಟ್ಟಲೆ ಮನೆ ಬಿಡುವುದಾದರೆ ಐಸ್ ಮೇಕರ್ ಆಫ್ ಮಾಡಿ, ನೀರಿನ ಲೈನ್‌ನ ವಾಲ್ವ್ ತಿರುಗಿಸಿ ಮುಚ್ಚಿ, ಡಬ್ಬಿ ಖಾಲಿ ಮಾಡಿ. ಮರಳಿದ ಮೇಲೆ ಮೊದಲ ಎರಡು ಮೂರು ಸುತ್ತಿನ ಐಸ್ ಸಿಂಕಿಗೆ ಹಾಕಿ. ನಿಂತ ನೀರು ಹೊರಹೋಗಲಿ.