ಉಪ್ಪಿನ ಪೊಟ್ಟಣದ ಮೇಲೆ ಬರೆದ ತಾರೀಖು

ಅಪ್ಪನ ರಕ್ತದೊತ್ತಡ 160/100 ಇದೆಯೆಂದು ಗೊತ್ತಾದ ದಿನ ವೈದ್ಯರು ಮಾತ್ರೆ ಬರೆದುಕೊಟ್ಟು, ‘ಮನೆಯಲ್ಲಿ ಒಂದು ಕೆ.ಜಿ. ಉಪ್ಪು ಎಷ್ಟು ದಿನ ಬರುತ್ತದೆ?’ ಎಂದು ಕೇಳಿದರು. ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಚಿಂತಾಮಣಿಗೆ ಮರಳಿದವನೇ ಹೊಸ ಪೊಟ್ಟಣ ಒಡೆದು ಅದರ ಮೇಲೆ ತಾರೀಖು ಬರೆದಿಟ್ಟೆ. ನಾಲ್ಕು ಜನರ ಮನೆಯಲ್ಲಿ ಅದು 24ನೇ ದಿನಕ್ಕೆ ಖಾಲಿಯಾಯಿತು.

ವಯಸ್ಕರು ದಿನಕ್ಕೆ 5 ಗ್ರಾಂಗಿಂತ, ಅಂದರೆ ಒಂದು ಟೀ ಚಮಚಕ್ಕಿಂತ, ಕಡಿಮೆ ಉಪ್ಪು ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಲೆಕ್ಕಕ್ಕೆ ನಮ್ಮ ಪೊಟ್ಟಣ 50 ದಿನ ಬರಬೇಕಿತ್ತು. ಪಾತ್ರೆಯ ತಳದಲ್ಲಿ ಉಳಿದು ತೊಳೆದುಹೋಗುವುದನ್ನು ಕಳೆದರೂ, ಬೇಕರಿಯ ಖಾರಾ ಬಿಸ್ಕತ್ತು ಮತ್ತು ಅಂಗಡಿಯ ಹಪ್ಪಳದ ಉಪ್ಪು ಈ ಲೆಕ್ಕಕ್ಕೆ ಸೇರಿಯೇ ಇರಲಿಲ್ಲ.

ಮುದ್ದೆ ಉಂಡು ಬೆಳೆದವರಿಗೆ ಹೃದಯದ ಕಾಯಿಲೆ ಹತ್ತಿರ ಸುಳಿಯುವುದಿಲ್ಲ ಎಂಬ ಹೆಮ್ಮೆ ನಮ್ಮ ಕಡೆ ಇದೆ, ನನಗೂ ಇತ್ತು. ರಾಗಿಯಲ್ಲಿ ನಾರಿನಂಶವಿರುವುದು ನಿಜ, ನಮ್ಮ ಮನೆಯಲ್ಲಿ ಮುದ್ದೆಗೆ ಉಪ್ಪು ಹಾಕುವುದಿಲ್ಲ ಎಂಬುದೂ ನಿಜ. ಆದರೆ ಮುದ್ದೆಯನ್ನು ನಾವು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಸಪ್ಪೆ ಮುದ್ದೆಯ ಪಾಲಿನ ಉಪ್ಪನ್ನೂ ಸಾರೇ ಹೊರಬೇಕು. ಉಪ್ಸಾರಿನ ಹೆಸರಿನಲ್ಲೇ ಉಪ್ಪಿದೆ, ಜೊತೆಗೆ ಅರೆಯುವ ಖಾರಕ್ಕೆ ಮತ್ತೊಂದು ಚಿಟಿಕೆ ಬೀಳುತ್ತದೆ, ತಟ್ಟೆಯ ಅಂಚಿಗೆ ಉಪ್ಪಿನಕಾಯಿ ಬರುತ್ತದೆ. ಬಸ್ಸಾರಿನಲ್ಲಂತೂ ಸೊಪ್ಪು, ಕಾಳು ಬೇಯಿಸಿ ಬಸಿದ ಉಪ್ಪು ನೀರೇ ಸಾರಾಗುವುದರಿಂದ ಒಂದು ತೊಟ್ಟೂ ಹೊರಗೆ ಹೋಗುವುದಿಲ್ಲ. ಹುರುಳಿ, ಅಲಸಂದೆ, ದಂಟಿನ ಸೊಪ್ಪುಗಳಲ್ಲಿರುವ ಪೊಟ್ಯಾಸಿಯಂ ರಕ್ತದೊತ್ತಡವನ್ನು ತಗ್ಗಿಸಲು ನೆರವಾಗುವಂಥದ್ದು. ಅದೇ ಪಾತ್ರೆಗೆ ನಾವು ಹಿಡಿಯಲ್ಲಿ ಉಪ್ಪು ಸುರಿಯುತ್ತಿದ್ದೆವು.

ಉಪ್ಪಿನ ಸೋಡಿಯಂ ದೇಹದಲ್ಲಿ ನೀರನ್ನು ಹಿಡಿದಿಡುತ್ತದೆ, ರಕ್ತದ ಪ್ರಮಾಣ ಹೆಚ್ಚುತ್ತದೆ, ರಕ್ತನಾಳದ ಗೋಡೆಯ ಮೇಲೆ ಒತ್ತಡ ಬೀಳುತ್ತದೆ. ವರ್ಷಗಟ್ಟಲೆ ಹಾಗೆ ಒತ್ತಡ ತಿಂದ ಗೋಡೆಯಲ್ಲಿ ಕೊಬ್ಬು ಸುಲಭವಾಗಿ ಕೂರುತ್ತದೆ, ಹೆಚ್ಚು ಬಲದಿಂದ ರಕ್ತ ನೂಕಬೇಕಾದ ಹೃದಯದ ಸ್ನಾಯು ದಪ್ಪವಾಗುತ್ತದೆ. ಇಷ್ಟೆಲ್ಲ ಆಗುವಾಗಲೂ ಸಾಮಾನ್ಯವಾಗಿ ನೋವಿರುವುದಿಲ್ಲ. ಅಪ್ಪ ಪರೀಕ್ಷೆಗೆ ಹೋಗಿದ್ದೂ ಮಂಡಿ ನೋವಿಗೆ.

ಉಪ್ಪೊಂದೇ ಕಾರಣವಲ್ಲ. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ‘ಇಂಟರ್‌ಹಾರ್ಟ್’ ಅಧ್ಯಯನವು ಮೊದಲ ಹೃದಯಾಘಾತದ ಅಪಾಯದ ಬಹುಪಾಲನ್ನು ಒಂಬತ್ತು ಅಂಶಗಳಲ್ಲಿ ಗುರುತಿಸಿತು: ಧೂಮಪಾನ, ರಕ್ತದ ಕೊಬ್ಬಿನ ಏರುಪೇರು, ರಕ್ತದೊತ್ತಡ, ಮಧುಮೇಹ, ಹೊಟ್ಟೆಯ ಬೊಜ್ಜು, ಮಾನಸಿಕ ಒತ್ತಡ, ಹಣ್ಣು-ತರಕಾರಿಯ ಕೊರತೆ, ವ್ಯಾಯಾಮದ ಅಭಾವ, ಮದ್ಯದ ಅಭ್ಯಾಸ. ಅಪ್ಪ ಬೀಡಿ ಬಿಟ್ಟು ಹತ್ತು ವರ್ಷವಾಯಿತು. ಹೊಲದಲ್ಲಿ ದುಡಿಯುವಾಗ ಉಣ್ಣುತ್ತಿದ್ದ ಎರಡು ಮುದ್ದೆಯನ್ನು ಮಾತ್ರ, ಜಗಲಿಯ ಮೇಲೆ ಕೂರುವ ಈಗಲೂ ಬಿಟ್ಟಿಲ್ಲ.

ನಾವು ಮಾಡಿದ್ದು ಇಷ್ಟೆ: ತಟ್ಟೆಗೆ ಉಪ್ಪು ಬಡಿಸುವುದನ್ನು ನಿಲ್ಲಿಸಿದೆವು, ಉಪ್ಪಿನಕಾಯಿಯನ್ನು ಹಬ್ಬಕ್ಕೆ ಮೀಸಲಿಟ್ಟೆವು, ಸಾರಿಗೆ ಉಪ್ಪನ್ನು ಅಂದಾಜಿನ ಬದಲು ಚಮಚದಲ್ಲಿ ಅಳೆದು ಹಾಕತೊಡಗಿದೆವು, ಹುಣಸೆ ಮತ್ತು ಬೆಳ್ಳುಳ್ಳಿಯನ್ನು ಹೆಚ್ಚಿಸಿದೆವು. ಸೋಡಿಯಂ ಕಡಿಮೆಯಿರುವ ಉಪ್ಪು ಅಂಗಡಿಯಲ್ಲಿ ಸಿಗುತ್ತದೆ, ಆದರೆ ಅದರಲ್ಲಿ ಪೊಟ್ಯಾಸಿಯಂ ಬೆರೆಸಿರುವುದರಿಂದ ಮೂತ್ರಪಿಂಡದ ತೊಂದರೆ ಇರುವವರು ಅಥವಾ ಕೆಲವು ಬಗೆಯ ರಕ್ತದೊತ್ತಡದ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಅದನ್ನು ಬಳಸಬಾರದು; ನಾವು ಅದರ ತಂಟೆಗೆ ಹೋಗಲಿಲ್ಲ. ಮಾತ್ರೆಯೂ ನಿಂತಿಲ್ಲ.

ಮೊದಲ ವಾರವಿಡೀ ಅಪ್ಪ ‘ಇದು ಆಸ್ಪತ್ರೆ ಸಾರು’ ಎಂದು ಗೊಣಗಿದರು. ಮೂರನೇ ಪೊಟ್ಟಣ 41 ದಿನ ಬಂದಿದೆ. ಹೋದ ತಿಂಗಳು ನೆಂಟರ ಮನೆಯಲ್ಲಿ ಅವರೆಕಾಳಿನ ಸಾರು ಬಾಯಿಗಿಟ್ಟವರೇ ಅಪ್ಪ ನನ್ನ ಕಡೆ ತಿರುಗಿ, ‘ಏನಪ್ಪಾ, ಇಷ್ಟೊಂದು ಉಪ್ಪು!’ ಎಂದು ಮೆಲ್ಲಗೆ ಅಂದರು.